ಕಂಕುಳಲ್ಲಿ ನೋಟ್‌ಬುಕ್ ಹಿಡಿದು ಬಂದ ಈರೋಡಿನ ದಪ್ಪ ಹುಡುಗ



ಹೋದ ತಿಂಗಳು ನಮ್ಮ ಯುವಕೂಟದಲ್ಲಿ ಕೆಲಸದ ಇಂಟರ್‌ವ್ಯೂ ಬಗ್ಗೆ ಮಾತು ನಡೆದಾಗ ತಂಗಿಯೊಬ್ಬಳು ಕೊನೆಯವರೆಗೂ ಬಾಯಿ ಬಿಡಲಿಲ್ಲ. ಎಲ್ಲರೂ ಎದ್ದ ಮೇಲೆ ಮೆಲ್ಲಗೆ ಬಂದು, "ಅಕ್ಕಾ, ಓದಿದ್ದನ್ನೆಲ್ಲ ಹೇಳ್ತೀನಿ. ಆದ್ರೆ ಬಾಗಿಲು ದಾಟಿದ ಕೂಡ್ಲೇ ಅವರು ನೋಡೋದು ನನ್ನ ಮೈನೇ ಅಲ್ವಾ?" ಎಂದಳು. ಒಮ್ಮೆ ಇಂಟರ್‌ವ್ಯೂಗೆ ಕರೆ ಬಂದಿದ್ದರೂ ಅವಳು ಹೋಗಿರಲಿಲ್ಲ. ಬಸ್ಸು ತಪ್ಪಿತು ಎಂದು ಮನೆಯಲ್ಲಿ ಸುಳ್ಳು ಹೇಳಿದ್ದಳು. ಅವತ್ತು ನಮಗೆ ತಕ್ಷಣ ಉತ್ತರ ತೋಚಲಿಲ್ಲ. ಆಮೇಲೆ ನೆನಪಾದದ್ದು ನಮ್ಮ ಜಿಲ್ಲೆಯಲ್ಲೇ ಹುಟ್ಟಿದ ಒಬ್ಬರ ಚರಿತ್ರೆ.

ಗಣಿತಜ್ಞ ಶ್ರೀನಿವಾಸ ರಾಮಾನುಜನ್ ಹುಟ್ಟಿದ್ದು 1887ರ ಡಿಸೆಂಬರ್ 22ರಂದು, ಈರೋಡಿನ ಅಜ್ಜಿಯ ಮನೆಯಲ್ಲಿ. ಬೆಳೆದದ್ದು ಕುಂಭಕೋಣದಲ್ಲಿ. ಅವರ ಹೆಸರು ನಮಗೆಲ್ಲ ಗೊತ್ತು. ಆದರೆ ಅವರು ವರ್ಷಗಟ್ಟಲೆ ಕೆಲಸಕ್ಕಾಗಿ ಅಲೆದದ್ದು ಹೆಚ್ಚಿನವರಿಗೆ ಗೊತ್ತಿಲ್ಲ. ಗಣಿತವೊಂದನ್ನು ಬಿಟ್ಟು ಬೇರೆ ವಿಷಯಗಳ ಕಡೆ ಗಮನ ಕೊಡದೆ ಕಾಲೇಜಿನ ಎಫ್.ಎ. ಪರೀಕ್ಷೆಯಲ್ಲಿ ಫೇಲಾಗಿದ್ದರು. ವಿದ್ಯಾರ್ಥಿವೇತನವೂ ಹೋಗಿತ್ತು. 1909ರಲ್ಲಿ ಮದುವೆಯಾಯಿತು, ಆದರೆ ಕೈಯಲ್ಲಿ ಪದವಿಯೂ ಇಲ್ಲ, ಕಾಸೂ ಇಲ್ಲ.

1910ರಲ್ಲಿ ಅವರು ತಿರುಕೊಯಿಲೂರಿಗೆ ಹೋಗಿ, ಡೆಪ್ಯುಟಿ ಕಲೆಕ್ಟರ್ ವಿ. ರಾಮಸ್ವಾಮಿ ಅಯ್ಯರ್ ಅವರಲ್ಲಿ ಗುಮಾಸ್ತೆ ಕೆಲಸ ಕೇಳಿದರು. ಅಯ್ಯರ್ ಸ್ವತಃ ಗಣಿತಪ್ರೇಮಿ. ನೋಟ್‌ಬುಕ್ ತಿರುವಿ ನೋಡಿದವರೇ, ಇಂಥ ಪ್ರತಿಭೆ ಕಂದಾಯ ಕಚೇರಿಯ ಮೂಲೆಯಲ್ಲಿ ಕಮರಬಾರದು ಎಂದು ಪತ್ರ ಕೊಟ್ಟು ಮದ್ರಾಸಿಗೆ ಕಳಿಸಿದರು. ಅಲ್ಲಿಂದ ದಾರಿ ನೆಲ್ಲೂರಿನ ಕಲೆಕ್ಟರ್ ಆರ್. ರಾಮಚಂದ್ರ ರಾವ್ ಅವರ ಬಳಿಗೆ ಹೋಯಿತು.

ಆ ಮೊದಲ ಭೇಟಿಯನ್ನು ರಾವ್ ಮುಂದೆ ಬರೆದಿಟ್ಟಿದ್ದಾರೆ. ಅವರ ಕಣ್ಣಿಗೆ ಮೊದಲು ಬಿದ್ದದ್ದು ಕುಳ್ಳಗೆ, ದಪ್ಪಗೆ, ಗಡ್ಡ ಬೋಳಿಸದ, ಅಷ್ಟೇನೂ ಶುಚಿಯಾಗಿಲ್ಲದ ಒಬ್ಬ ಯುವಕ. ಅವನ ಕಂಕುಳಲ್ಲಿ ಹಳೆಯ ನೋಟ್‌ಬುಕ್, ಕಣ್ಣಲ್ಲಿ ಮಾತ್ರ ಹೊಳಪು. ನಮ್ಮ ತಂಗಿ ಹೆದರಿದ್ದು ಸುಳ್ಳಲ್ಲ. ಬಾಗಿಲಲ್ಲಿ ಜನ ಮೊದಲು ನೋಡುವುದು ಮೈಯನ್ನೇ. ಸಮುವೇಲ ಪ್ರವಾದಿ ಕೂಡ ಮೊದಲು ದಾವೀದನ ಅಣ್ಣನ ಎತ್ತರ ನೋಡಿಯೇ ಇವನೇ ಇರಬೇಕು ಅಂದುಕೊಂಡಿದ್ದನಲ್ಲವೇ?

ಆದರೆ ಆ ಭೇಟಿ ಬಾಗಿಲಲ್ಲೇ ಮುಗಿಯಲಿಲ್ಲ. ರಾಮಾನುಜನ್ ನೋಟ್‌ಬುಕ್ ತೆರೆದು ವಿವರಿಸಿದರು. ರಾವ್ ಅವರಿಗೆ ಅದು ಸರಿಯೋ ತಪ್ಪೋ ತಿಳಿಯದೆ, ಇನ್ನೊಮ್ಮೆ ಬಾ ಎಂದರು. ರಾಮಾನುಜನ್ ಮುಖ ಬಾಡಿಸಿಕೊಂಡು ಮನೆ ಸೇರಲಿಲ್ಲ, ಮತ್ತೆ ಹೋದರು. ಎದುರಿಗಿದ್ದವರಿಗೆ ಎಷ್ಟು ಅರ್ಥವಾಗುತ್ತದೆ ಎಂದು ಅಳೆದು, ಈ ಸಲ ಸುಲಭದ ಲೆಕ್ಕಗಳಿಂದ ಶುರುಮಾಡಿ, ಹಂತ ಹಂತವಾಗಿ ಕಷ್ಟದ್ದಕ್ಕೆ ಕರೆದೊಯ್ದರು. ರಾವ್ ಒಪ್ಪಿ, ಕೆಲವು ಕಾಲ ಅವರ ತಿಂಗಳ ಖರ್ಚು ನೋಡಿಕೊಂಡರು.

"ಅವರು ರಾಮಾನುಜನ್, ನಾವು ಹಾಗಲ್ಲವಲ್ಲ" ಎಂದು ನೀವು ಕೇಳಬಹುದು. ಹಾಗಾದರೆ ಮುಂದಿನದನ್ನು ನೋಡಿ. ಇನ್ನೊಬ್ಬರ ಹಣದಲ್ಲಿ ಕೂತು ಉಣ್ಣಲು ಮನಸ್ಸಾಗದೆ, 1912ರ ಫೆಬ್ರವರಿ 9ರಂದು ಅವರು ಮದ್ರಾಸ್ ಬಂದರು ಟ್ರಸ್ಟಿಗೆ ಗುಮಾಸ್ತೆ ಕೆಲಸಕ್ಕೆ ಅರ್ಜಿ ಹಾಕಿದರು. ಪುಟ್ಟ ಅರ್ಜಿ. ಮೆಟ್ರಿಕ್ ಪಾಸಾಗಿದ್ದೇನೆ, ಎಫ್.ಎ.ವರೆಗೆ ಓದಿದ್ದೇನೆ, ಕೆಲವು ಕಷ್ಟಗಳಿಂದ ಮುಂದೆ ಓದಲಾಗಲಿಲ್ಲ, ಆ ಸಮಯವನ್ನೆಲ್ಲ ಗಣಿತಕ್ಕೆ ಕೊಟ್ಟಿದ್ದೇನೆ, ಈ ಕೆಲಸವನ್ನು ಸರಿಯಾಗಿ ಮಾಡಬಲ್ಲೆ ಎಂಬ ನಂಬಿಕೆಯಿದೆ ಎಂಬುದೇ ಅದರ ಸಾರ. ಕೊರತೆಗೆ ಒಂದೇ ವಾಕ್ಯ, ಉಳಿದದ್ದೆಲ್ಲ ಏನು ಮಾಡಿದ್ದೇನೆ, ಏನು ಮಾಡಬಲ್ಲೆ ಎಂಬುದಕ್ಕೆ. ಜೊತೆಗೆ ಪ್ರೆಸಿಡೆನ್ಸಿ ಕಾಲೇಜಿನ ಪ್ರಾಧ್ಯಾಪಕರೊಬ್ಬರ ಶಿಫಾರಸು ಪತ್ರ. ಮಾರ್ಚ್ 1ರಂದು ತಿಂಗಳಿಗೆ 30 ರೂಪಾಯಿ ಸಂಬಳದ ಕೆಲಸಕ್ಕೆ ಸೇರಿದರು. ಮರುವರ್ಷ ಜನವರಿಯಲ್ಲಿ ಆ ಗುಮಾಸ್ತೆಯೇ ಕೇಂಬ್ರಿಡ್ಜಿನ ಹಾರ್ಡಿಯವರಿಗೆ ಪತ್ರ ಬರೆದದ್ದು, 1918ರಲ್ಲಿ ರಾಯಲ್ ಸೊಸೈಟಿಯ ಫೆಲೋ ಆದದ್ದು.

ಇನ್ನೊಂದು ಮಾತು. 1919ರಲ್ಲಿ ಇಂಗ್ಲೆಂಡಿನಿಂದ ಮರಳಿದಾಗ ಅವರು ಕಾಯಿಲೆಯಿಂದ ಬಡಕಲಾಗಿದ್ದರು. 1920ರ ಏಪ್ರಿಲ್ 26ರಂದು, 32ನೇ ವಯಸ್ಸಿನಲ್ಲಿ ತೀರಿಕೊಂಡರು. ಹಾಸಿಗೆಯಲ್ಲಿದ್ದಾಗಲೂ ಬರೆಯುತ್ತಲೇ ಇದ್ದರು. ಮೈ ದಪ್ಪಗಿದ್ದಾಗಲೂ ಸೊರಗಿದಾಗಲೂ ಅವರ ಲೆಕ್ಕದ ತೂಕ ಕಡಿಮೆಯಾಗಲಿಲ್ಲ.

ಆ ತಂಗಿಗೆ, ಅವಳಂತೆ ಒಳಗೊಳಗೇ ಕುಗ್ಗುವ ತಮ್ಮಂದಿರಿಗೂ ನಾವು ಹೇಳುವುದಿಷ್ಟು. ಪೊಲೀಸ್, ಸೈನ್ಯದಂಥ ಕೆಲಸಗಳಿಗೆ ದೇಹದ ಅಳತೆಗಳಿರುತ್ತವೆ. ಅವನ್ನು ಪ್ರಕಟಣೆಯಲ್ಲೇ ಬರೆದಿರುತ್ತಾರೆ, ಓದಿಕೊಳ್ಳಿ. ಬರೆಯದ ಅಳತೆಯನ್ನು ನೀವೇ ನಿಮ್ಮ ಮೇಲೆ ಹೇರಿಕೊಳ್ಳಬೇಡಿ. ಈಗಿನ ನಿಮ್ಮ ಮೈಗೆ ಸರಿಹೊಂದುವ ಬಟ್ಟೆ ಹೊಲಿಸಿ. ತೆಳ್ಳಗಾದ ಮೇಲೆ ಹಾಕುತ್ತೇನೆ ಎಂದು ಬಿಗಿಯಾದದ್ದನ್ನು ಕಾಯ್ದಿಡಬೇಡಿ. ಹಾಕಿಕೊಂಡು ಒಮ್ಮೆ ಕುರ್ಚಿಯಲ್ಲಿ ಕೂತು ನೋಡಿ. ನೀವು ಮಾಡಿದ ಕೆಲಸಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆಯಿರಿ: ಪ್ರಾಜೆಕ್ಟ್, ಮಕ್ಕಳಿಗೆ ಹೇಳಿದ ಪಾಠ, ಮನೆಯ ಹೊಲದ ಲೆಕ್ಕ, ಎಲ್ಲವನ್ನೂ. ನಮ್ಮ ಮುಂದೆ ಎರಡು ಸಲ ಜೋರಾಗಿ ಹೇಳಿ. ತೂಕದ ಬಗ್ಗೆ ಯಾರಾದರೂ ಚುಚ್ಚಿದರೆ, "ಈ ಕೆಲಸಕ್ಕೆ ಬೇಕಾದ್ದೆಲ್ಲ ಮಾಡಬಲ್ಲೆ ಸಾರ್" ಎಂದು ಹೇಳಿ ನೋಟ್‌ಬುಕ್ಕಿಗೆ ಮರಳಿ.

ದಿಂಬಂನಿಂದ ಬಣ್ಣಾರಿಗೆ 27 ತಿರುವು. ರಾತ್ರಿ ಸಂಚಾರಕ್ಕೆ ನಿರ್ಬಂಧ ಇರುವುದರಿಂದ, ಕೊಯಮತ್ತೂರಿನಲ್ಲಿ ಬೆಳಿಗ್ಗೆಯೇ ಇಂಟರ್‌ವ್ಯೂ ಇದ್ದರೆ ಹಿಂದಿನ ದಿನವೇ ಇಳಿಯಿರಿ. ಬಸ್ಸು ತಪ್ಪಿತು ಎಂಬ ಮಾತು ಇನ್ನು ನಡೆಯುವುದಿಲ್ಲ ತಂಗೀ, ಬಸ್ ಸ್ಟಾಪಿಗೆ ನಾವೇ ಬರುತ್ತೇವೆ.