ಕಂಠಗತ ಜಾತುಷಶಲ್ಯವೂ ಬಾಲಕ್ರೀಡನಕವೂ

ಸುಶ್ರುತಸಂಹಿತೆಯ ಸೂತ್ರಸ್ಥಾನದಲ್ಲಿ ಇಪ್ಪತ್ತೇಳನೆಯದು ಶಲ್ಯಾಪನಯನೀಯಾಧ್ಯಾಯ. ಶರೀರವನ್ನು ಹೊಕ್ಕು ಬಾಧಿಸುವ ಬಾಣ, ಮುಳ್ಳು ಮೊದಲಾದವನ್ನು ಹೊರದೆಗೆಯುವ ಹದಿನೈದು ಉಪಾಯಗಳನ್ನು ನಿರೂಪಿಸಿದ ಮೇಲೆ, ಗ್ರಂಥಕಾರನು ಕಂಠದಲ್ಲಿ ಸಿಕ್ಕಿಕೊಂಡ ಶಲ್ಯದ ವಿಚಾರಕ್ಕೆ ಬರುತ್ತಾನೆ. ಅಲ್ಲಿ ಅವನು ಮೊದಲು ಎತ್ತಿಕೊಳ್ಳುವುದು ಎಲುಬನ್ನಲ್ಲ, ಅನ್ನದ ತುತ್ತನ್ನೂ ಅಲ್ಲ; ಜಾತುಷವನ್ನು, ಎಂದರೆ ಅರಗಿನ ವಸ್ತುವನ್ನು. ಉಣ್ಣುವವನ ಗಂಟಲಿಗೆ ಅರಗು ಬರುವುದೆಂತು? ಪಾಠ ಹೇಳುವವರು ಈ ಪದಕ್ಕೆ ಅರ್ಥಮಾತ್ರವನ್ನು ಕೊಟ್ಟು ಮುಂದೆ ಸಾಗುವುದುಂಟು. ಆದರೆ ಇದಕ್ಕೆ ಅಗ್ರಸ್ಥಾನವು ಸಂದಿರುವುದು ವಿಚಾರಾರ್ಹವಾಗಿದೆ.

ಮೊದಲು ವಿಧಾನವನ್ನು ನೋಡಬೇಕು. ಕಂಠದೊಳಕ್ಕೆ ಒಂದು ನಾಡಿಯನ್ನು, ಎಂದರೆ ಕೊಳವೆಯನ್ನು, ಇಳಿಸುವುದು. ಬೆಂಕಿಯಲ್ಲಿ ಕಾಯಿಸಿದ ಶಲಾಕೆಯನ್ನು ಅದರ ಮೂಲಕ ತೂರಿಸಿ ಅರಗಿಗೆ ತಾಕಿಸುವುದು. ನಾಡಿಯು ನಡುವೆ ಇರುವುದರಿಂದ ಗಂಟಲು ಸುಡುವುದಿಲ್ಲ. ಅರಗು ಕರಗಿ ಶಲಾಕೆಗೆ ಹತ್ತಿದೊಡನೆಯೇ ತಣ್ಣೀರನ್ನು ಎರೆದರೆ ಅದು ಗಟ್ಟಿಯಾಗಿ ಕಚ್ಚಿಕೊಳ್ಳುತ್ತದೆ, ಆಗ ಎಳೆದುಕೊಳ್ಳಬೇಕು. ಸಿಕ್ಕಿಕೊಂಡದ್ದು ಅರಗಿನದಲ್ಲದಿದ್ದರೆ ಶಲಾಕೆಗೇ ಅರಗನ್ನೋ ಜೇನುಮೇಣವನ್ನೋ ಬಳಿದು ಹಾಗೆಯೇ ಮಾಡತಕ್ಕದ್ದು. ಅಡ್ಡಲಾಗಿ ನಾಟಿದ ಎಲುಬಿಗೆ ಉಪಾಯವೇ ಬೇರೆ. ಗಟ್ಟಿಯಾದ ದಾರಕ್ಕೆ ಕಟ್ಟಿದ ಕೂದಲಿನ ಉಂಡೆಯನ್ನು ದ್ರವಾಹಾರದೊಡನೆ ನುಂಗಿಸಿ, ವಾಂತಿಯನ್ನು ಬರಿಸಿ, ಎಲುಬಿನ ಒಂದು ತುದಿ ಕೂದಲಿಗೆ ಸಿಕ್ಕಿತೆಂದು ತಿಳಿದಾಗ ದಾರವನ್ನು ತಟ್ಟನೆ ಸೆಳೆಯುವುದು. ಇಲ್ಲವೇ ಹಲ್ಲುಜ್ಜುವ ಕಡ್ಡಿಯ ಮೆತ್ತನೆಯ ಕುಂಚದಿಂದ ತೆಗೆಯುವುದು ಅಥವಾ ಒಳಕ್ಕೆ ತಳ್ಳುವುದು. ತುತ್ತು ಸಿಕ್ಕಿದ್ದರೆ ರೋಗಿಗೆ ಸುಳಿವು ಕೊಡದೆ ಹೆಗಲಿಗೆ ಗುದ್ದಬೇಕು. ಎಣ್ಣೆತುಪ್ಪಗಳನ್ನೋ ಮದ್ಯವನ್ನೋ ನೀರನ್ನೋ ಕುಡಿಸಬೇಕು. ಈ ಪ್ರಕರಣದಲ್ಲಿ ರೋಗಿಯ ವಯಸ್ಸು ಎಲ್ಲಿಯೂ ಉಕ್ತವಾಗಿಲ್ಲ.

ಇನ್ನು ಚರಕಸಂಹಿತೆಯ ಶಾರೀರಸ್ಥಾನದ ಎಂಟನೆಯ ಅಧ್ಯಾಯಕ್ಕೆ ಬರೋಣ. ಅಲ್ಲಿ ಕುಮಾರನ ಆಟದ ಸಾಮಾನುಗಳ ಲಕ್ಷಣವಿದೆ. ಅವು ಬಗೆಬಗೆಯಾಗಿ, ಸದ್ದು ಮಾಡುವಂತೆ, ಮನೋಹರವಾಗಿ, ಹಗುರವಾಗಿ ಇರಬೇಕು. ತುದಿ ಚೂಪಾಗಿರಬಾರದು, ಮಗುವನ್ನು ಹೆದರಿಸಬಾರದು, ಪ್ರಾಣಕ್ಕೆ ಕುತ್ತಾಗಬಾರದು. ಇವುಗಳ ನಡುವೆ ಬರುವ ‘ಅನಾಸ್ಯಪ್ರವೇಶಿ’ ಎಂಬ ವಿಶೇಷಣವೇ ಪ್ರಕೃತಕ್ಕೆ ಮುಖ್ಯವಾದುದು: ಬಾಯೊಳಕ್ಕೆ ಹೋಗದಂಥದು ಎಂದು ಅದರ ಅರ್ಥ. ಮಕ್ಕಳು ಆಟಿಕೆಯನ್ನು ನುಂಗುವ ಅನುಭವವಿಲ್ಲದೆ ಇಂತಹ ಮಾತು ಹುಟ್ಟಲಾರದು. ಅಮೆರಿಕದಲ್ಲಿ 1980ರಿಂದ ಜಾರಿಗೆ ಬಂದ ನಿಯಮವೊಂದು ಮೂರು ವರ್ಷದೊಳಗಿನ ಮಕ್ಕಳ ಆಟಿಕೆಗಳನ್ನು ಸುಮಾರು 31.7 ಮಿಲಿಮೀಟರು ವ್ಯಾಸದ ಕೊಳವೆಯಲ್ಲಿ ಅಳೆದು, ಅದರೊಳಗೆ ಪೂರ್ತಿಯಾಗಿ ಅಡಗುವುದನ್ನು ನಿಷೇಧಿಸುತ್ತದೆ. ಚರಕನ ಒಂದೇ ಸಮಾಸಕ್ಕೆ ಇದೊಂದು ಅಳತೆಗೋಲೆನ್ನಬಹುದು.

ಅಷ್ಟಾಂಗಸಂಗ್ರಹದ ಉತ್ತರಸ್ಥಾನದಲ್ಲಿ ಬಾಲೋಪಚಾರವನ್ನು ಹೇಳುವಾಗ ಆಟಿಕೆಯ ಪ್ರಸ್ತಾಪವು ಮತ್ತೆ ಬರುತ್ತದೆ. ಅಲ್ಲಿ ಆಟಿಕೆಯು ದೊಡ್ಡದಾಗಿರಬೇಕು, ಚೂಪಿಲ್ಲದಿರಬೇಕು, ಹಸು ಕುದುರೆ ಮೊದಲಾದವುಗಳ ಇಲ್ಲವೆ ಹಣ್ಣಿನ ಆಕಾರದಲ್ಲಿರಬೇಕು ಎಂಬುದರೊಡನೆ, ಅದು ಜಾತುಷವಾಗಿರಬೇಕೆಂದು ಸ್ಪಷ್ಟವಾಗಿಯೇ ಉಕ್ತವಾಗಿದೆ. ಶಲ್ಯಪ್ರಕರಣದ ಪದವೇ ಇಲ್ಲಿ ಆಟಿಕೆಯ ವಿಶೇಷಣವಾಗಿದೆ. ಎರಡನ್ನೂ ಕೂಡಿಸಿ ಓದಿದರೆ, ಸುಶ್ರುತನು ಹೆಸರಿಸದ ರೋಗಿಯು ಬಹುಮಟ್ಟಿಗೆ ಅರಗಿನ ಆಟಿಕೆಯನ್ನು ಕಚ್ಚಿ ಮುರಿದು ನುಂಗಿದ ಶಿಶುವೇ ಎಂದು ಊಹಿಸಲು ಅವಕಾಶವಿದೆ.

ಇದಕ್ಕೆ ಆಕ್ಷೇಪಗಳಿಲ್ಲದೆ ಇಲ್ಲ. ಅರಗು ಬಳೆಗೂ ಬರುತ್ತಿತ್ತು, ಮುದ್ರೆಗೂ ಬರುತ್ತಿತ್ತು. ಅಲ್ಲದೆ ಅಷ್ಟಾಂಗಸಂಗ್ರಹವು ಸುಶ್ರುತನಿಗಿಂತ ಈಚಿನದು. ಅರಗು ತಾನೇ ಕರಗಿ ಅಂಟುವುದರಿಂದ ಸುಲಭವಾದ ವಿಧಾನವನ್ನು ಮೊದಲು ಹೇಳಿ, ಉಳಿದುದಕ್ಕೆ ಅದನ್ನೇ ಮಾದರಿಯಾಗಿಸಿದನೆನ್ನುವುದೂ ಯುಕ್ತವೇ. ಆದರೆ ಸುಲಭವೆಂಬುದು ಕ್ರಮಕ್ಕೆ ಕಾರಣವಾದೀತೇ ಹೊರತು ಘಟನೆಗೆ ಕಾರಣವಾಗಲಾರದು. ಬಳೆಯ ಚೂರನ್ನಾದರೂ ಬಾಯಿಗೆ ಹಾಕಿಕೊಳ್ಳುವವರು ದೊಡ್ಡವರಲ್ಲ. ಇದಕ್ಕಿಂತ ಬಲವಾದ ಆಕ್ಷೇಪವು ಯಂತ್ರದ ಅಳತೆಯಿಂದ ಬರುತ್ತದೆ. ಅಷ್ಟಾಂಗಹೃದಯದಲ್ಲಿ ಕಂಠಶಲ್ಯವನ್ನು ನೋಡುವ ನಾಡಿಗೆ ಹತ್ತು ಅಂಗುಲ ಉದ್ದ, ಐದು ಅಂಗುಲ ಸುತ್ತಳತೆ ವಿಧಿಸಲ್ಪಟ್ಟಿದೆ. ದೊಡ್ಡವರ ಅಂಗುಲದಿಂದ ಮಾಡಿದ ಆ ಕೊಳವೆಯು ಹಸುಗೂಸಿನ ಗಂಟಲಿಗೆ ಇಳಿಯದು. ಸುಶ್ರುತನಾದರೋ ಯಂತ್ರವಿಧಿಯಲ್ಲಿ ನಾಡಿಯ ಸುತ್ತಳತೆಯು ಸ್ರೋತೋದ್ವಾರಕ್ಕೆ ತಕ್ಕಂತೆಯೂ, ಉದ್ದವು ಪ್ರಯೋಜನಕ್ಕೆ ತಕ್ಕಂತೆಯೂ ಇರಬೇಕೆಂದು ಸಾಮಾನ್ಯವಾಗಿ ವಿಧಿಸಿದ್ದಾನೆ. ಆದುದರಿಂದ ಅವನ ನಾಡಿಗೆ ಈ ದೋಷವು ತಟ್ಟದು.

ಕೊಳವೆಯಿಂದ ಕಂಡು ತೆಗೆಯುವ ಈ ಮಾರ್ಗವು ಯೂರೋಪಿನಲ್ಲಿ ರೂಢಿಗೆ ಬಂದುದು ತಡವಾಗಿ. 1868ರಲ್ಲಿ ಫ್ರೈಬುರ್ಗ್ ನಗರದ ಕುಸ್‌ಮೌಲನು ಕತ್ತಿ ನುಂಗುವ ಆಟಗಾರನೊಬ್ಬನ ಅನ್ನನಾಳಕ್ಕೆ ನೇರವಾದ ಕೊಳವೆಯನ್ನು ಇಳಿಸಿ ನೋಡಿದನು. ಫಿಲಡೆಲ್ಫಿಯದ ಷೆವಲಿಯರ್ ಜಾಕ್ಸನ್ (1865–1958) ಎಂಬ ವೈದ್ಯನು ದೀಪವಿರುವ ಕೊಳವೆಗಳಿಂದ ತೆಗೆದ ಗುಂಡಿ, ಪಿನ್ನು, ನಾಣ್ಯ, ಆಟಿಕೆಗಳು ಅಲ್ಲಿಯ ಮ್ಯೂಟರ್ ವಸ್ತುಸಂಗ್ರಹಾಲಯದಲ್ಲಿವೆ; ಅವುಗಳ ಸಂಖ್ಯೆ 2,374.

ಇಷ್ಟರಿಂದ ಸುಶ್ರುತನ ಕ್ರಮವೆಲ್ಲ ಇಂದಿಗೂ ಗ್ರಾಹ್ಯವೆಂದು ಸಾಧಿಸಹೊರಡುವುದು ಶಾಸ್ತ್ರಾಭಿಮಾನವೇ ಹೊರತು ಶಾಸ್ತ್ರವಿಚಾರವಲ್ಲ. ಅವನ ‘ಕಂಠ’ಶಬ್ದದಲ್ಲಿ ಅನ್ನನಾಳವೂ ಶ್ವಾಸನಾಳವೂ ಬೇರ್ಪಟ್ಟು ತೋರುವುದಿಲ್ಲ. ಶಲ್ಯವನ್ನು ನುಂಗಿದ ಮಗುವಿಗೆ ವಾಂತಿ ಬರಿಸುವುದನ್ನೂ, ಕಾಣದೆ ಒಳಕ್ಕೆ ತಳ್ಳುವುದನ್ನೂ ಇಂದಿನ ವೈದ್ಯರು ಅಪಾಯಕರವೆಂದು ನಿಷೇಧಿಸುತ್ತಾರೆ. ಎಲುಬು ತೆಗೆದ ಮೇಲೆ ಗಾಯಗೊಂಡ ಗಂಟಲಿಗೆ ಜೇನುತುಪ್ಪವನ್ನೂ ತುಪ್ಪವನ್ನೂ ನೆಕ್ಕಿಸಬೇಕೆಂಬ ಮಾತಿಗೂ ಇದೇ ಎಚ್ಚರಿಕೆಯು ಸಲ್ಲುತ್ತದೆ. ಗುಂಡಿಯಾಕಾರದ ಬ್ಯಾಟರಿಯು ಅನ್ನನಾಳದಲ್ಲಿ ನಿಂತರೆ ಅದರ ವಿದ್ಯುತ್ತಿನಿಂದ ತೀಕ್ಷ್ಣವಾದ ಕ್ಷಾರವುಂಟಾಗಿ, ಎರಡು ಗಂಟೆಗಳೊಳಗೇ ಕಠಿಣವಾದ ಗಾಯವಾಗಬಹುದು. ಅಂತಹ ಬ್ಯಾಟರಿಯನ್ನು ನುಂಗಿದ ಒಂದು ವರ್ಷ ಮೀರಿದ ಮಗುವಿಗೆ, ಆಸ್ಪತ್ರೆಗೆ ಒಯ್ಯುವುದರಲ್ಲಿ ಸ್ವಲ್ಪವೂ ತಡಮಾಡದೆ, ದಾರಿಯಲ್ಲಿ ಜೇನನ್ನು ಕೊಡಬಹುದೆಂದು 2018ರಲ್ಲಿ ಪ್ರಕಟವಾದ ಪರೀಕ್ಷೆಗಳ ಬಳಿಕ ಅಮೆರಿಕದ ವೈದ್ಯರು ಸೂಚಿಸಿದ್ದಾರೆ. ಆ ಜೇನು ಶಲ್ಯವನ್ನು ತೆಗೆಯುವ ಮುನ್ನ ಕ್ಷಾರವನ್ನು ತಗ್ಗಿಸುವುದಕ್ಕೆ. ಸುಶ್ರುತನದು ತೆಗೆದಾದ ಮೇಲೆ ವ್ರಣೋಪಚಾರಕ್ಕೆ. ದ್ರವ್ಯವೊಂದೇ ಆದರೂ ಪ್ರಯೋಜನ ಬೇರೆ.

‘ಜಾತುಷ’ವೆಂದರೆ ಪೂರ್ತಿ ಅರಗಿನದೆಂದೇ ಹಿಡಿಯಬೇಕಾದುದೂ ಇಲ್ಲ. ಚನ್ನಪಟ್ಟಣದ ಕುಶಲಕರ್ಮಿಗಳು ಹಾಲೆಮರವನ್ನು ಚರಕಿಗೆ ಹಿಡಿದು ಕಡೆದು, ತಿರುಗುವ ಮರಕ್ಕೆ ಬಣ್ಣದ ಅರಗಿನ ಕಡ್ಡಿಯನ್ನು ಒತ್ತುತ್ತಾರೆ. ಉಜ್ಜಿದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಇಂತಹ ಬೊಂಬೆಯ ಚೂರು ಗಂಟಲಲ್ಲಿ ನಿಂತರೂ ಕಾದ ಶಲಾಕೆಗೆ ಮೇಲಿನ ಅರಗೇ ಸಾಕು. ಮರಕ್ಕೆ ಅರಗು ಹತ್ತುವುದೂ, ಶಲಾಕೆಗೆ ಶಲ್ಯವು ಹತ್ತುವುದೂ ಒಂದೇ ಗುಣದಿಂದ.