‘ಕಂಡುಹಿಡಿದರು’ ಎಂಬ ಮಾತು

1492ರಲ್ಲಿ ಕೊಲಂಬಸನು ಅಮೆರಿಕವನ್ನೂ 1498ರಲ್ಲಿ ವಾಸ್ಕೋ ಡ ಗಾಮನು ಭಾರತವನ್ನೂ ಕಂಡುಹಿಡಿದರೆಂದು ನಾವು ಶಾಲೆಯಲ್ಲಿ ಓದಿದ್ದೇವೆ. ಆದರೆ ಕೊಲಂಬಸನು ಇಳಿದ ದ್ವೀಪದಲ್ಲಿ ತೈನೋ ಜನರು ಆಗಲೇ ನೆಲೆಸಿದ್ದರು. ಅವನಿಗಿಂತ ಸುಮಾರು ಐದು ಶತಮಾನಗಳ ಹಿಂದೆಯೇ ನಾರ್ಸ್ ನಾವಿಕರು ಆ ಖಂಡವನ್ನು ಮುಟ್ಟಿದ್ದರು. ಗಾಮನಾದರೂ ಆಫ್ರಿಕದ ಮಾಲಿಂದಿಯಲ್ಲಿ ದಾರಿ ಬಲ್ಲವನೊಬ್ಬನನ್ನು ಹಡಗಿಗೆ ಹತ್ತಿಸಿಕೊಂಡೇ ಇತ್ತ ಬಂದನು.

ನಮ್ಮ ಅವರ್ಸಾದ ಉತ್ತರಕ್ಕೆ, ಕಾರವಾರದ ಬಳಿಯ ಕಡಲಲ್ಲಿರುವ ಅಂಜುದೀವ ದ್ವೀಪವು ಈ ವಿಷಯಕ್ಕೆ ಸಾಕ್ಷಿಯಾಗಿದೆ. ಮರುಪ್ರಯಾಣದಲ್ಲಿ, 1498ರ ಸೆಪ್ಟೆಂಬರಿನಲ್ಲಿ, ಗಾಮನು ಅಲ್ಲಿ ಲಂಗರು ಹಾಕಿದನು. ಆಗ ಅವನನ್ನು ಯುರೋಪಿನ ಭಾಷೆಯಲ್ಲಿಯೇ ಮಾತನಾಡಿಸಿದವನು ಗೋವೆಯ ಅಧಿಪತಿಯ ಸೇವೆಯಲ್ಲಿದ್ದ ಒಬ್ಬ ಯಹೂದಿ. ಅವನನ್ನು ಗೂಢಚಾರನೆಂದು ಶಂಕಿಸಿ, ಹಿಂಸಿಸಿ, ಪೋರ್ಚುಗಲ್ಲಿಗೆ ಒಯ್ದರು. ಗ್ಯಾಸ್ಪರ್ ಡ ಗಾಮನೆಂದು ಹೊಸ ಹೆಸರಿಟ್ಟರು. 1505ರಲ್ಲಿ ಅಲ್ಮೇಡನು ಆ ದ್ವೀಪದ ಮೇಲೆ ಕೋಟೆಯನ್ನೇ ಕಟ್ಟಿಸಿದನು.

ಆಫ್ರಿಕವನ್ನು ಬಳಸಿ ಬಂದ ಆ ನಾವಿಕರ ಸಾಹಸವನ್ನು ಅಲ್ಲಗಳೆಯಬೇಕಾಗಿಲ್ಲ. ಯುರೋಪಿನವರಿಗೆ ಆ ಮಾರ್ಗ ನಿಜವಾಗಿಯೂ ಹೊಸದು. ಆದರೆ ಈ ನಾಡುಗಳನ್ನು ಮೊದಲು ಕಂಡವರು ಬೇರೆಯವರು. ಇವರು ಮಾಡಿದ್ದು ಹಿಡಿಯುವ ಕೆಲಸ. ‘ಬಂದು ತಲುಪಿದರು’ ಎಂದು ಮಕ್ಕಳಿಗೆ ಕಲಿಸಿದರೆ ಬಂದವರ ಧೈರ್ಯಕ್ಕೂ ಕುಂದಿಲ್ಲ, ಇದ್ದವರ ಇರವಿಗೂ ಅನ್ಯಾಯವಿಲ್ಲ.