ಸೋಲದೇವನಹಳ್ಳಿಗೆ ಆಸ್ಪತ್ರೆ ಕಟ್ಟಿಸಿಕೊಟ್ಟ ಹಿರಿಯ ನಟಿ ಡಾ. ಲೀಲಾವತಿ

ಕನ್ನಡ ಚಿತ್ರರಂಗದ ಹಿರಿಯ ನಟಿ ಡಾ. ಲೀಲಾವತಿಯವರು 2023ರ ಡಿಸೆಂಬರ್ 8ರಂದು ತಮ್ಮ 85ನೇ ವಯಸ್ಸಿನಲ್ಲಿ ನೆಲಮಂಗಲದಲ್ಲಿ ನಿಧನರಾದರು. ಕನ್ನಡ, ತಮಿಳು, ತೆಲುಗು ಭಾಷೆಗಳಲ್ಲಿ 600ಕ್ಕೂ ಹೆಚ್ಚು ಚಿತ್ರಗಳು, ಅದರಲ್ಲಿ ಕನ್ನಡದವೇ 400ಕ್ಕೂ ಹೆಚ್ಚು. ‘ನಾಗರಹಾವು’ ಚಿತ್ರದಲ್ಲಿ ಚಾಮಯ್ಯ ಮೇಷ್ಟ್ರ ಪತ್ನಿ ತುಂಗಮ್ಮನಾಗಿ ಅವರನ್ನು ನೋಡಿದವರು ಮರೆಯಲಾರರು. ಆದರೆ ನೆಲಮಂಗಲ ತಾಲ್ಲೂಕಿನ ಸೋಲದೇವನಹಳ್ಳಿಯ ಜನರು ಅವರನ್ನು ನೆನೆಯುವುದು ಸಿನಿಮಾದಿಂದ ಮಾತ್ರವಲ್ಲ. ಆ ಊರಿಗೆ ಮನುಷ್ಯರ ಆಸ್ಪತ್ರೆಯೊಂದು, ದನಕರುಗಳ ಆಸ್ಪತ್ರೆಯೊಂದು ಅವರ ಸ್ವಂತ ದುಡ್ಡಿನಿಂದ ಬಂದಿವೆ.

ಲೀಲಾವತಿಯವರು ಹುಟ್ಟಿದ್ದು ದಕ್ಷಿಣ ಕನ್ನಡದ ಬೆಳ್ತಂಗಡಿಯಲ್ಲಿ. (ವೇಣೂರಿನ ಬಾಹುಬಲಿ ಇರುವುದೂ ಇದೇ ತಾಲ್ಲೂಕಿನಲ್ಲಿ.) ಚಿಕ್ಕ ವಯಸ್ಸಿನಲ್ಲೇ ತಂದೆತಾಯಿಯನ್ನು ಕಳೆದುಕೊಂಡರು. ಮೈಸೂರಿಗೆ ಬಂದು ಹೊಟ್ಟೆಪಾಡಿಗಾಗಿ ಪರರ ಮನೆಯ ಕೆಲಸವನ್ನೂ ಮಾಡಿದರು. ಮಹಾಲಿಂಗ ಭಾಗವತರ ನಾಟಕ ಕಂಪನಿ ಸೇರಿ, ಅಲ್ಲಿಂದ ಸಣ್ಣಪುಟ್ಟ ಪಾತ್ರಗಳ ಮೂಲಕ ಚಿತ್ರರಂಗಕ್ಕೆ ಬಂದರು. 1958ರ ‘ಮಾಂಗಲ್ಯ ಯೋಗ’ದಲ್ಲಿ ನಾಯಕಿಯಾದರು. ಡಾ. ರಾಜ್‌ಕುಮಾರ್ ಜೊತೆ ಅನೇಕ ಚಿತ್ರಗಳಲ್ಲಿ ನಾಯಕಿಯಾಗಿ, ಮುಂದೆ ತಾಯಿಯ ಪಾತ್ರಗಳಲ್ಲಿ ನಟಿಸಿದರು. ರಾಜ್ಯ ಸರ್ಕಾರದ ಡಾ. ರಾಜ್‌ಕುಮಾರ್ ಪ್ರಶಸ್ತಿ, ತುಮಕೂರು ವಿಶ್ವವಿದ್ಯಾಲಯದ ಗೌರವ ಡಾಕ್ಟರೇಟ್ ಎರಡೂ ಸಂದವು.

ಆಗ ಕನ್ನಡ ಚಿತ್ರಗಳ ಕೆಲಸವೆಲ್ಲ ಮದರಾಸಿನಲ್ಲೇ ನಡೆಯುತ್ತಿತ್ತು. ಅಲ್ಲಿ ದುಡಿದ ಕಾಲದಲ್ಲಿ ಅವರು ಆಸ್ತಿ ಮಾಡಿಕೊಂಡಿದ್ದರು. ನಂತರ ಮಗ, ನಟ ವಿನೋದ್ ರಾಜ್ ಅವರೊಂದಿಗೆ ಸೋಲದೇವನಹಳ್ಳಿಯ ತೋಟದಲ್ಲಿ ನೆಲೆಸಿ ಬೇಸಾಯ ಮಾಡಿದರು. ಊರಿಗೆ ಆಸ್ಪತ್ರೆ ಕಟ್ಟಿಸಲು ಚೆನ್ನೈನ ಆಸ್ತಿಯನ್ನು ಮಾರಿದರು. ಚೆನ್ನೈನಂಥ ಊರಿನ ಜಾಗ ಸುಮ್ಮನೆ ಇಟ್ಟುಕೊಂಡರೂ ವರ್ಷ ವರ್ಷ ಬೆಲೆ ಏರುತ್ತದೆ. ಅದನ್ನು ಮಾರಿ ಹಳ್ಳಿಯ ಆಸ್ಪತ್ರೆಗೆ ಹಾಕಿದರೆ ಬಾಡಿಗೆಯೂ ಬರುವುದಿಲ್ಲ, ಬಡ್ಡಿಯೂ ಬರುವುದಿಲ್ಲ. ಮುಪ್ಪಿನಲ್ಲಿ ಇಂಥ ಲೆಕ್ಕ ಹಾಕುವವರು ಕಡಿಮೆ.

ಹಳ್ಳಿಯಲ್ಲಿ ರಾತ್ರಿ ಹೊತ್ತು ಹಾವು ಕಚ್ಚಿದರೆ, ಹೆರಿಗೆ ನೋವು ಬಂದರೆ, ಪಟ್ಟಣ ಎಷ್ಟು ದೂರ ಎಂಬುದರ ಮೇಲೆ ಜೀವ ನಿಂತಿರುತ್ತದೆ. ಲೀಲಾವತಿಯವರು ಕಟ್ಟಿಸಿದ ಆರೋಗ್ಯ ಕೇಂದ್ರವನ್ನು 2022ರಲ್ಲಿ ಅಂದಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿಯವರು ಉದ್ಘಾಟಿಸಿದರು. ಇಲ್ಲಿ ದಾನ ಮಾಡುವವರು ಗಮನಿಸಬೇಕಾದ ವಿಷಯವೊಂದಿದೆ. ಕಟ್ಟಡಕ್ಕೆ ಖರ್ಚು ಒಂದೇ ಸಲ. ವೈದ್ಯರು, ದಾದಿಯರು, ಔಷಧಿ ಇವುಗಳ ಖರ್ಚು ಪ್ರತಿ ತಿಂಗಳೂ. ದಾನಿಯ ಕಾಲಾನಂತರ ಬೀಗ ಬಿದ್ದ ಧರ್ಮಾಸ್ಪತ್ರೆಗಳು ನಮ್ಮ ರಾಜ್ಯದಲ್ಲಿ ಕಡಿಮೆಯಿಲ್ಲ. ಪ್ರಾಥಮಿಕ ಆರೋಗ್ಯ ಕೇಂದ್ರವೆಂದರೆ ಸರ್ಕಾರದ ವ್ಯವಸ್ಥೆ, ಸಂಬಳ ಮತ್ತು ಔಷಧಿ ಇಲಾಖೆಯ ಹೊಣೆ. ಹಾಗಾಗಿ ದಾನ ಒಬ್ಬರ ಕೈಯ ಶಕ್ತಿಯ ಮೇಲೆ ನಿಲ್ಲುವುದಿಲ್ಲ. ಆದರೆ ವೈದ್ಯರು ದಿನವೂ ಬರುತ್ತಿದ್ದಾರೆಯೇ ಎಂದು ನೋಡಿಕೊಳ್ಳುವ ಕೆಲಸ ಊರಿನವರದೇ.

ಕೊರೊನಾ ಕಾಲದಲ್ಲಿ ತಾಯಿ ಮಗ ಇಬ್ಬರೂ ಕಷ್ಟದಲ್ಲಿದ್ದವರಿಗೆ ದಿನಸಿ ಹಂಚಿದ್ದೂ ಉಂಟು.

ಪಶು ಆಸ್ಪತ್ರೆ ಅವರ ಕೊನೆಯ ಕೆಲಸ. ಕಾಯಿಲೆ ಬಿದ್ದ ಹಸುವನ್ನು ಬಸ್ಸಿಗೆ ಹತ್ತಿಸಿ ಪೇಟೆಗೆ ಒಯ್ಯಲಾಗದು. ಮೂಕಪ್ರಾಣಿ ಎಲ್ಲಿ ನೋವೆಂದು ಹೇಳುವುದೂ ಇಲ್ಲ. 2022ರಲ್ಲಿ ರಾಜ್ಯದ ಉದ್ದಗಲಕ್ಕೂ ಚರ್ಮಗಂಟು ರೋಗ ಹರಡಿದಾಗ ಪಶುವೈದ್ಯರು ಹತ್ತಿರದಲ್ಲಿಲ್ಲದ ಊರುಗಳ ರೈತರು ಪಟ್ಟ ಪಾಡು ಎಲ್ಲರಿಗೂ ಗೊತ್ತಿದೆ. ಹಾಲಿನ ದುಡ್ಡಿನಲ್ಲೇ ಮಕ್ಕಳ ಶಾಲಾ ಶುಲ್ಕ ಕಟ್ಟುವ ಮನೆಗೆ ಒಂದು ಹಸು ಹೋದರೆ ಸಂಸಾರವೇ ವಾಲುತ್ತದೆ. ಔಷಧದಾನವನ್ನು ಪ್ರಾಣಿಗಳಿಗೂ ವಿಸ್ತರಿಸಿದ ಈ ಕೆಲಸಕ್ಕೆ ಎಷ್ಟು ಗೌರವ ಸಲ್ಲಿಸಿದರೂ ಸಾಲದು.

ಈ ಆಸ್ಪತ್ರೆಯನ್ನು 2023ರ ನವೆಂಬರ್ ಕೊನೆಯಲ್ಲಿ ಉಪಮುಖ್ಯಮಂತ್ರಿ ಡಿ.ಕೆ. ಶಿವಕುಮಾರ್ ಉದ್ಘಾಟಿಸಿದರು. ಲೀಲಾವತಿಯವರು ಆ ವೇಳೆಗೆ ತೀವ್ರ ಅಸ್ವಸ್ಥರಾಗಿದ್ದರು. ಕೆಲವೇ ದಿನಗಳಲ್ಲಿ ತೀರಿಕೊಂಡರು. ಸಕಲ ಸರ್ಕಾರಿ ಗೌರವಗಳೊಂದಿಗೆ ಸೋಲದೇವನಹಳ್ಳಿಯ ಅವರ ತೋಟದಲ್ಲೇ ಅಂತ್ಯಸಂಸ್ಕಾರ ನಡೆಯಿತು.